ಗುಜರಿಗೆ ಹೋಗದ ಜೀಪುಗಳು



ಮೋಟಾರು ವಾಹನಗಳ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಕಾರ್ಖಾನೆಯ ಬಾಗಿಲಿನಲ್ಲಿ ನಿಂತು ಬರೆದಿದ್ದಾರೆ. ಯಾವ ವರ್ಷ ಯಾವ ಮಾದರಿ ಹೊರಬಂತು, ಅದರ ಎಂಜಿನ್ನಿನ ಶಕ್ತಿ ಎಷ್ಟು, ಎಷ್ಟು ಸಾವಿರ ಮಾರಾಟವಾದವು ಎಂಬ ವಿವರಗಳು ಅವರ ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ದೊರೆಯುತ್ತವೆ. ಆದರೆ ವಾಹನವು ಮೊದಲ ಒಡೆಯನ ಕೈಬಿಟ್ಟು ಎರಡನೆಯವನ, ಮೂರನೆಯವನ ಕೈಸೇರಿದ ಮೇಲೆ ಏನಾಯಿತೆಂಬುದನ್ನು ಬರೆದಿಟ್ಟವರು ವಿರಳ. ನಮ್ಮ ಮಲೆನಾಡಿನ ಮಟ್ಟಿಗೆ ಹೇಳುವುದಾದರೆ ಚರಿತ್ರೆ ಆರಂಭವಾಗುವುದೇ ಅಲ್ಲಿಂದ. ನಮ್ಮ ಸಣ್ಣ ತೋಟಗಾರರ ಮನೆಗಳಿಗೆ ಹೊಸ ವಾಹನ ಬಂದದ್ದು ಬಹಳ ತಡವಾಗಿ. ಅದಕ್ಕೂ ಮುನ್ನ ಅಂಗಳಕ್ಕೆ ಬಂದದ್ದು ಅಗ್ಗಕ್ಕೆ ಕೊಂಡ ಹಳೆಯ ಜೀಪು. ಹಿಂದಿನ ಆಸನಗಳನ್ನು ಕಿತ್ತು, ಹಲಗೆಯ ಪೆಟ್ಟಿಗೆ ಕಟ್ಟಿಸಿ, ಕಾಫಿ ಮೂಟೆ, ಅಡಕೆ, ಗೊಬ್ಬರ ಹೇರಲು ಅದನ್ನೇ ಪಿಕಪ್ ಮಾಡಿಕೊಂಡದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕೆಲವರು ಅದರಲ್ಲಿ ಕುಳಿತೇ ಶಾಲೆಗೆ ಬಂದಿದ್ದೀರಿ. ಆ ಹಳೆಯ ಗಾಡಿಗಳು ಎಲ್ಲಿಂದ ಬಂದವು, ಹೇಗೆ ಬದುಕಿದವು, ಈಗ ಅವುಗಳ ಕಾಲ ಹೇಗೆ ಮುಗಿಯುತ್ತಿದೆ ಎಂಬುದನ್ನು ಕ್ರಮವಾಗಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಜನ್ಮವೃತ್ತಾಂತ. 1940ರ ಜುಲೈ ತಿಂಗಳಿನಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಒಂದು ವಾಹನ ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ಮಾದರಿ ವಾಹನವನ್ನು ಸಿದ್ಧಪಡಿಸಲು ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಪುಟ್ಟ ಕಂಪನಿಯು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಆ ಗಡುವಿನೊಳಗೆ, ಸೆಪ್ಟೆಂಬರ್ 23ರಂದು, ಮಾದರಿಯನ್ನು ತಂದೊಪ್ಪಿಸಿತು. ಆದರೆ ಅಷ್ಟು ಸಣ್ಣ ಕಾರ್ಖಾನೆಯಿಂದ ಯುದ್ಧಕ್ಕೆ ಬೇಕಾದಷ್ಟು ವಾಹನಗಳು ಹೊರಬರಲಾರವು ಎಂದು ಬಗೆದ ಸೈನ್ಯವು ಮುಖ್ಯ ಗುತ್ತಿಗೆಯನ್ನು ಟೊಲೀಡೊ ನಗರದ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪನಿಗೂ ಅನಂತರ ಫೋರ್ಡ್ ಕಂಪನಿಗೂ ಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಇವೆರಡೂ ಸೇರಿ ಸುಮಾರು 6,40,000 ಜೀಪುಗಳನ್ನು ತಯಾರಿಸಿದ್ದವು.

ಈ ವಾಹನದ ಒಂದು ಗುಣವನ್ನು ನಾವು ಗಮನಿಸಬೇಕು. ರಣರಂಗದಲ್ಲಿ ಕೆಟ್ಟರೆ ಅಲ್ಲಿಯೇ, ಕೈಗೆ ಸಿಕ್ಕ ಸಲಕರಣೆಯಿಂದ ರಿಪೇರಿ ಮಾಡುವಂತಿರಬೇಕು ಎಂಬ ಎಚ್ಚರದಿಂದ ಅದನ್ನು ರೂಪಿಸಲಾಗಿತ್ತು. ಬಲವಾದ ಚಾಸಿ, ಅದರ ಮೇಲೆ ಬೋಲ್ಟು ಬಿಗಿದು ಕೂರಿಸಿದ ತಗಡಿನ ಬಾಡಿ, ಸುಲಭವಾಗಿ ಕೈಗೆಟಕುವ ಎಂಜಿನ್ನು, ಮುಂದೆ ಹಿಂದೆ ಪಟ್ಟಿಗಳ ಸ್ಪ್ರಿಂಗು. ಬಾಡಿ ತುಕ್ಕು ಹಿಡಿದರೆ ಬಾಡಿಯನ್ನೇ ಎತ್ತಿ ಬೇರೆ ಕೂರಿಸಬಹುದು; ಎಂಜಿನ್ನು ಸೋತರೆ ಎಂಜಿನ್ನನ್ನೇ ಇಳಿಸಬಹುದು. ಒಂದು ಭಾಗದ ಸಾವು ಇಡೀ ವಾಹನದ ಸಾವಲ್ಲ. ಸೈನಿಕರಿಗಾಗಿ ಮಾಡಿದ ಈ ಏರ್ಪಾಡು ಮುಂದೆ ನಮ್ಮ ಬಡ ರೈತರಿಗೆ ವರವಾಯಿತು.

ಜೀಪು ಭಾರತಕ್ಕೆ ಬಂದದ್ದು ಯುದ್ಧದ ಜೊತೆಯಲ್ಲಿ. ಅಸ್ಸಾಮಿನ ಲೀಡೊದಿಂದ ಬರ್ಮಾದ ಕಡೆಗೆ ಅಮೆರಿಕನ್ನರು ರಸ್ತೆ ಕಡಿಯುತ್ತಿದ್ದ ಕಾಲದಲ್ಲಿಯೇ ಬೆಂಗಳೂರಿನಲ್ಲಿಯೂ ಅವರ ಬೀಡು ಇತ್ತು. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಆರಂಭಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಪಡೆಯು ತನ್ನ ವಿಮಾನಗಳ ದುರಸ್ತಿ ಕೇಂದ್ರವನ್ನಾಗಿ ವಹಿಸಿಕೊಂಡಿತು. ಯುದ್ಧ ಮುಗಿದಾಗ ಈ ದೇಶದಲ್ಲಿ ಉಳಿದ ಅಪಾರ ಸಾಮಗ್ರಿಯನ್ನು ಮರಳಿ ಒಯ್ಯುವುದಕ್ಕಿಂತ ಇಲ್ಲಿಯೇ ಬಿಡುವುದು ಅವರಿಗೆ ಲಾಭಕರವಾಗಿತ್ತು. 1946ರ ಒಪ್ಪಂದದಂತೆ ಅದು ಭಾರತ ಸರ್ಕಾರದ ವಶಕ್ಕೆ ಬಂದು, ಸರ್ಕಾರವು ಅದನ್ನು ವಿಲೇವಾರಿ ಮಾಡತೊಡಗಿತು. ‘ಡಿಸ್ಪೋಸಲ್’ ಎಂಬ ಇಂಗ್ಲಿಷ್ ಪದ ನಮ್ಮ ಹಿರಿಯರ ಬಾಯಲ್ಲಿ ಬಳಕೆಗೆ ಬಂದದ್ದು ಹೀಗೆ. ಡಿಸ್ಪೋಸಲ್ ಕಂಬಳಿ, ಡಿಸ್ಪೋಸಲ್ ಟಾರ್ಪಾಲು ಇದ್ದಂತೆಯೇ ಡಿಸ್ಪೋಸಲ್ ಜೀಪು. ಇದೇ ಹೊತ್ತಿನಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ಅಮೆರಿಕನ್ನರು ಬಿಟ್ಟುಹೋದ ಜೀಪುಗಳನ್ನು ಉದ್ದಮಾಡಿ, ಮೇಲೆ ಛಾವಣಿ ಹಾಕಿ, ಬಣ್ಣ ಬಳಿದು ‘ಜೀಪ್ನಿ’ ಎಂಬ ಸಾರ್ವಜನಿಕ ವಾಹನಗಳನ್ನಾಗಿ ಮಾಡಿಕೊಂಡರು. ಯುದ್ಧದ ಉಳಿಕೆಯಿಂದ ಬದುಕು ಕಟ್ಟಿಕೊಳ್ಳುವ ಜಾಣ್ಮೆ ಯಾವುದೇ ಒಂದು ದೇಶದ ಸೊತ್ತಲ್ಲ.

ನಮ್ಮವರು ಹಳೆಯದನ್ನೇ ಏಕೆ ನೆಚ್ಚಬೇಕಾಯಿತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹಣವಿಲ್ಲದಿದ್ದುದು ಒಂದು ಕಾರಣ. ಹೊಸ ವಾಹನಗಳೇ ಇಲ್ಲದಿದ್ದುದು ಇನ್ನೊಂದು. ಈ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿಯೇ ಪಟ್ಟುಹಿಡಿದು ಯೋಜನೆ ರೂಪಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಅವರು ಯೂರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಕಂಡು ಬಂದರು. ವಾಲಚಂದರು ಅವರ ಜೊತೆಗೂಡಿದರು. ಬ್ರಿಟಿಷ್ ಭಾರತ ಸರ್ಕಾರದ ಸಹಕಾರ ದೊರೆಯದೆ ಯೋಜನೆ ವರ್ಷಗಟ್ಟಲೆ ಕುಂಟಿತು. ಕೊನೆಗೆ 1944ರಲ್ಲಿ ವಾಲಚಂದರ ಪ್ರೀಮಿಯರ್ ಕಂಪನಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು; ಮೈಸೂರು ಸೀಮೆಗೆ ಆ ಭಾಗ್ಯ ಬರಲಿಲ್ಲ. ಸ್ವಾತಂತ್ರ್ಯಾನಂತರ 1953ರಲ್ಲಿ ಸುಂಕ ಆಯೋಗವು ಬಿಡಿಭಾಗಗಳನ್ನು ತರಿಸಿ ಬರಿದೇ ಜೋಡಿಸುವ ಕಂಪನಿಗಳಿಗೆ ಇಲ್ಲಿ ಸ್ಥಾನವಿಲ್ಲ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿದ್ದವರು ಮಾತ್ರ ಉಳಿಯಲಿ ಎಂದು ಶಿಫಾರಸು ಮಾಡಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಸ್ವಾವಲಂಬನೆಯ ದೃಷ್ಟಿಯಿಂದ ಆ ನೀತಿಗೆ ಅದರದೇ ಸಮರ್ಥನೆಯಿದೆ. ಆದರೆ ಅದರ ಫಲವಾಗಿ ದಶಕಗಳ ಕಾಲ ಮಾರುಕಟ್ಟೆಯಲ್ಲಿ ಬೆರಳೆಣಿಕೆಯ ಮಾದರಿಗಳೂ, ಅವುಗಳಿಗಾಗಿ ಉದ್ದನೆಯ ಕಾಯುವ ಪಟ್ಟಿಗಳೂ ಉಳಿದವು. ಹೊಸದು ದುರ್ಲಭವಾದ ನಾಡಿನಲ್ಲಿ ಹಳೆಯದನ್ನು ಸಾಯಗೊಡದಿರುವುದೇ ಒಂದು ಉದ್ಯೋಗವಾಯಿತು.

ಉಳಿದ ಕೆಲವೇ ಕಂಪನಿಗಳಲ್ಲಿ ಮಹೀಂದ್ರದವರೂ ಒಬ್ಬರು. 1945ರಲ್ಲಿ ಮಹೀಂದ್ರ ಸಹೋದರರೂ ಮಲಿಕ್ ಗುಲಾಂ ಮಹಮ್ಮದರೂ ಕೂಡಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಹೆಸರಿನಲ್ಲಿ ಉಕ್ಕಿನ ವ್ಯಾಪಾರ ಆರಂಭಿಸಿದ್ದರು. ದೇಶ ವಿಭಜನೆಯಾದಾಗ ಗುಲಾಂ ಮಹಮ್ಮದರು ಪಾಕಿಸ್ತಾನಕ್ಕೆ ತೆರಳಿ ಆ ದೇಶದ ಮೊದಲ ಹಣಕಾಸು ಸಚಿವರಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇತ್ತ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಆ ದಶಕದ ಕೊನೆಯಲ್ಲಿ ಅವರು ಮುಂಬಯಿಯ ಮಜಗಾಂವಿನಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿ, ಕ್ರಮೇಣ ಇಲ್ಲಿಯೇ ತಯಾರಿಸತೊಡಗಿದರು. ನಮ್ಮೂರುಗಳಲ್ಲಿ ಹೆಚ್ಚಾಗಿ ಕಂಡುಬಂದ, ಬಾನೆಟ್ಟು ಎತ್ತರವಾಗಿರುವ ಜೀಪು ಸಿಜೆ-3ಬಿ ಎಂಬ ಮಾದರಿ. 1953ರಲ್ಲಿ ಅಮೆರಿಕದಲ್ಲಿ ಬಂದ ಈ ಮಾದರಿಯಲ್ಲಿ ಗಾಳಿ ಒಳಬರುವ ವಾಲ್ವುಗಳನ್ನು ಎಂಜಿನ್ನಿನ ತಲೆಯ ಮೇಲಕ್ಕೆ ತಂದುದರಿಂದ ಎಂಜಿನ್ನು ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಟೊಲೀಡೊದಲ್ಲಿ 1968ರಲ್ಲಿಯೇ ನಿಂತುಹೋದ ಈ ಮಾದರಿ ಭಾರತದಲ್ಲಿ ಆಮೇಲೂ ಬಹುಕಾಲ ತಯಾರಾಗುತ್ತಿತ್ತು.

ಹಳೆಯ ಜೀಪನ್ನು ಕೊಳ್ಳುವ ವಿಚಾರ ಬಂದಾಗ ಒಂದು ಪ್ರಸಿದ್ಧ ಪ್ರಕರಣವನ್ನು ನೆನೆಯದಿರಲಾಗದು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೆಂದು ಹೆಸರಾದದ್ದು ಹಳೆಯ ಜೀಪುಗಳದ್ದೇ. 1948ರಲ್ಲಿ ಕಾಶ್ಮೀರದ ಕಾಳಗ ನಡೆಯುತ್ತಿದ್ದಾಗ ಸೈನ್ಯಕ್ಕೆ ತುರ್ತಾಗಿ ಜೀಪುಗಳು ಬೇಕಾದವು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಅವರು ಬಳಸಿದ ಜೀಪುಗಳನ್ನು ರಿಪೇರಿ ಮಾಡಿಸಿ ಪೂರೈಸುವ ಒಪ್ಪಂದವನ್ನು ವಿದೇಶಿ ಕಂಪನಿಯೊಂದರೊಡನೆ ಮಾಡಿಕೊಂಡರು. ಹಣದಲ್ಲಿ ಬಹುಪಾಲು ಮುಂಗಡವಾಗಿಯೇ ಸಂದಿತು. ಬಂದು ಇಳಿದದ್ದು 155 ಜೀಪುಗಳು. ಅವು ಉಪಯೋಗಕ್ಕೆ ಬಾರವೆಂದು ಸೈನ್ಯ ನಿರಾಕರಿಸಿತು. ಸಂಸತ್ತಿನಲ್ಲಿ ಗದ್ದಲವಾಯಿತು, ವಿಚಾರಣೆಗಳಾದವು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹಸಚಿವ ಗೋವಿಂದ ವಲ್ಲಭ ಪಂತರು ಸರ್ಕಾರದ ಮಟ್ಟಿಗೆ ಈ ಪ್ರಕರಣ ಮುಗಿದಿದೆ ಎಂದು ಘೋಷಿಸಿದರು. ಮರುವರ್ಷ ಮೆನನ್ನರು ಕೇಂದ್ರ ಸಂಪುಟವನ್ನು ಸೇರಿದರು. ರಾಜಕೀಯದ ಸರಿತಪ್ಪುಗಳನ್ನು ಬದಿಗಿಟ್ಟು ನೋಡಿದರೂ ಇದರಲ್ಲಿ ಒಂದು ಪಾಠವಿದೆ. ಹಳೆಯ ವಾಹನವನ್ನು ಕಾಗದದ ಮೇಲೆ ಕೊಳ್ಳಲಾಗದು. ಅದರ ಅಡಿಗೆ ನುಸುಳಿ ನೋಡಬಲ್ಲವನೊಬ್ಬ ಕೊಳ್ಳುವವನ ಜೊತೆಗೆ ಇರಬೇಕು. ದೆಹಲಿ ಲಂಡನ್ನುಗಳ ನಡುವೆ ಇಲ್ಲದೆ ಹೋದ ಆ ಮನುಷ್ಯ ನಮ್ಮ ಸಣ್ಣಪುಟ್ಟ ಪೇಟೆಗಳ ಗ್ಯಾರೇಜುಗಳಲ್ಲಿ ಇದ್ದ. ನಮ್ಮ ರೈತರು ಗೆದ್ದದ್ದು ಅವನಿಂದ.

ಆ ರೈತರ ಕೈಗೆ ಜೀಪುಗಳು ತಲುಪಿದ ದಾರಿ ಇದು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಕಚೇರಿಗಳಿಗೆ ಜೀಪುಗಳು ಬಂದವು. ‘ಬಿ.ಡಿ.ಓ. ಸಾಹೇಬರ ಜೀಪು’ ಎಂದರೆ ಹಳ್ಳಿಗರಿಗೆ ಸರ್ಕಾರವೇ ಬಂದಂತೆ. ಮಲೇರಿಯಾ ನಿರ್ಮೂಲನದವರಿಗೆ ಜೀಪು, ಯುನಿಸೆಫ್ ನೆರವಿನಿಂದ ಆರೋಗ್ಯ ಕೇಂದ್ರಗಳಿಗೆ ಜೀಪು, ಕೆಂಪು ತ್ರಿಕೋನ ಬರೆದುಕೊಂಡ ಕುಟುಂಬ ಯೋಜನೆಯ ಜೀಪು, ಅರಣ್ಯ ಇಲಾಖೆಗೆ, ಲೋಕೋಪಯೋಗಿಗೆ, ಪೊಲೀಸರಿಗೆ ಜೀಪು. ಈ ಜೀಪುಗಳು ಹತ್ತು ಹದಿನೈದು ವರ್ಷ ದುಡಿದ ಮೇಲೆ ಇಲಾಖೆಯವರು ನಿರುಪಯುಕ್ತವೆಂದು ಷರಾ ಬರೆದು ಹರಾಜಿಗೆ ಇಡುತ್ತಿದ್ದರು. ಕಚೇರಿಯ ಹಿಂಭಾಗದಲ್ಲಿ, ಬೇಲಿಯ ಬಳ್ಳಿ ಹಬ್ಬಿಸಿಕೊಂಡು, ಚಕ್ರದ ಗಾಳಿ ಇಳಿದು ಕುಳಿತ ಆ ಜೀಪುಗಳೇ ನಮ್ಮವರ ಮೊದಲ ವಾಹನಗಳು. ಎಲ್ಲರ ತೆರಿಗೆಯ ಹಣದಿಂದ ಬಂದ ಗಾಡಿ ಹೀಗೆ ಒಂದು ಸುತ್ತು ಬಂದು ಸಾಮಾನ್ಯನ ಮನೆ ಸೇರುತ್ತಿತ್ತು. ಕಂಪನಿಯವರು 1965ರಲ್ಲಿ ಎಫ್‌ಸಿ-150 ಎಂಬ, ಚಾಲಕ ಎಂಜಿನ್ನಿನ ಮೇಲೆಯೇ ಕುಳಿತಂತೆ ಕಾಣುವ ಸರಕು ಗಾಡಿಯನ್ನು ತಂದಿದ್ದರು ನಿಜ. ಆದರೆ ಹೊಸ ಗಾಡಿಯ ಬೆಲೆ ಹತ್ತು ಎಕರೆ ತೋಟದವನ ಎಟುಕಿಗೆ ಬರುವಂತಿರಲಿಲ್ಲ.

ನನ್ನ ದೊಡ್ಡ ಭಾವನವರು 1979ರಲ್ಲಿ ಇಂಥದೊಂದು ಹರಾಜಿನಲ್ಲಿ ಜೀಪು ಕೊಂಡರು. ನಮ್ಮ ಬಂಧುಗಳೆಲ್ಲರೂ ಬಲ್ಲ ಗಾಡಿ ಅದು. ಆಗ ನಾನು ಮೂಡಿಗೆರೆಯ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತವನ್ನೂ ಸಮಾಜವನ್ನೂ ಕಲಿಸುತ್ತಿದ್ದೆ. ಭಾವನವರ ಜೊತೆಗೆ ಪೇಟೆಯ ಗ್ಯಾರೇಜಿನ ಸಾಬರು ಬಂದಿದ್ದರು, ನಾನೂ ಹೋಗಿದ್ದೆ. ಸಾಬರು ಜೀಪಿನ ಬಣ್ಣವನ್ನಾಗಲೀ ಆಸನಗಳನ್ನಾಗಲೀ ಕಣ್ಣೆತ್ತಿಯೂ ನೋಡಲಿಲ್ಲ. ಮೊದಲು ಚಾಸಿಯ ಮೇಲೆ ಕೊರೆದ ನಂಬರನ್ನು ಚಿಂದಿಯಿಂದ ಒರೆಸಿ, ಆರ್.ಸಿ. ಪುಸ್ತಕದ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸುವಂತೆ ನನಗೆ ಹೇಳಿದರು. ಆಮೇಲೆ ಗೋಣಿಚೀಲ ಹಾಸಿ ಅಡಿಗೆ ಮಲಗಿ, ಸ್ಪ್ರಿಂಗಿನ ಕೊಂಡಿಗಳು ಚಾಸಿಗೆ ಸೇರುವ ಜಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣದ ಸದ್ದು ಬೇರೆ, ತುಕ್ಕು ತಿಂದ ಕಬ್ಬಿಣದ ಸದ್ದು ಬೇರೆ. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಎಣ್ಣೆಯ ಕಡ್ಡಿಯನ್ನು ಎಳೆದು ಮೂಸಿ ನೋಡಿದರು.

“ಹೇಗಿದೆ ಸಾಬರೇ?” ಎಂದು ಭಾವನವರು ಕೇಳಿದರು.

“ಎಂಜಿನ್ನು ಹೋಗಿದೆ ಗೌಡ್ರೇ, ಗೇರ್‌ಬಾಕ್ಸು ಸದ್ದು ಮಾಡ್ತದೆ, ಬಾಡಿ ಪೂರ್ತಿ ತೂತು. ಚಾಸಿ ಮಾತ್ರ ಕಲ್ಲು. ತಗೊಳ್ಳಿ” ಎಂದರು ಸಾಬರು.

ನನಗಂತೂ ಈ ಉತ್ತರ ವಿಚಿತ್ರವಾಗಿ ಕಂಡಿತು. ದೋಷಗಳ ಪಟ್ಟಿ ಇಷ್ಟುದ್ದ ಹೇಳಿ ‘ತಗೊಳ್ಳಿ’ ಎನ್ನುವುದೇ? ಆದರೆ ಅವರ ತರ್ಕ ಸರಳವಾಗಿತ್ತು. ಎಂಜಿನ್ನು, ಗೇರ್‌ಬಾಕ್ಸು, ಬಾಡಿ ಮೂರೂ ಹೋಗಿವೆಯೆಂದು ಎಲ್ಲರಿಗೂ ಕಾಣುವುದರಿಂದಲೇ ಕೂಗು ಏರುವುದಿಲ್ಲ. ಆ ಮೂರನ್ನೂ ಸರಿಪಡಿಸುವುದು ತಮ್ಮ ಕೈಯಲ್ಲಿದೆ. ಚಾಸಿ ಸೀಳಿದ್ದರೆ, ಕಾಗದ ಸರಿಯಿಲ್ಲದಿದ್ದರೆ ಅದು ಯಾರ ಕೈಯಲ್ಲಿಯೂ ಇಲ್ಲ. ಹಳೆಯ ವಾಹನ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸೂತ್ರವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ಆ ಜೀಪನ್ನು ಲಾರಿಗೆ ಹಗ್ಗ ಕಟ್ಟಿ ಎಳೆದು ತಂದು, ಒಂದು ಮಳೆಗಾಲವಿಡೀ ಗ್ಯಾರೇಜಿನ ಚಪ್ಪರದಡಿಯಲ್ಲಿ ಬಿಚ್ಚಿ ಹರಡಿದರು. ಎಂಜಿನ್ನಿನ ಬ್ಲಾಕು ಲೇತಿನವರಲ್ಲಿಗೆ ಹೋಗಿ ಬೋರ್ ಹೊಡೆಸಿಕೊಂಡು ಬಂತು. ಅಳತೆ ಹೆಚ್ಚಾದ ಬೋರಿಗೆ ತಕ್ಕ ಪಿಸ್ಟನ್ನು, ರಿಂಗುಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಬ್ರೇಕಿನ ಸಿಲಿಂಡರುಗಳ ರಬ್ಬರುಗಳನ್ನು ಬದಲಿಸಿದರು. ನೆಲದ ತಗಡನ್ನು ಪೂರ್ತಿ ಕತ್ತರಿಸಿ ತೆಗೆದು ದಪ್ಪ ತಗಡನ್ನು ವೆಲ್ಡ್ ಮಾಡಿದರು. ಮಲೆನಾಡಿನ ಗಾಡಿಗೆ ಸಾವು ಬರುವುದು ಕಾಲಡಿಯಿಂದ, ಕೆಮ್ಮಣ್ಣಿನ ಕೆಸರು ಹಿಡಿದ ಮೂಲೆಗಳಿಂದ. ಭಾವನವರಿಗೆ ಚಾಸಿಯನ್ನು ಕತ್ತರಿಸಿ ಉದ್ದ ಮಾಡಿಸಬೇಕೆಂಬ ಆಸೆಯಿತ್ತು. ಸಾಬರು ಖಂಡಿತವಾಗಿ ಒಪ್ಪಲಿಲ್ಲ. “ಘಾಟಿಯಲ್ಲಿ ಎರಡು ತುಂಡಾದ್ರೆ ನನ್ನ ಹೆಸರು ಹೇಳ್ತಾರೆ” ಎಂದರು. ಅದರ ಬದಲು ಹಿಂದಿನ ಬಾಡಿಯನ್ನು ತೆಗೆದು, ಕಬ್ಬಿಣದ ಆಂಗ್ಲಿನ ಚೌಕಟ್ಟಿಗೆ ಹಲಸಿನ ಹಲಗೆ ಜೋಡಿಸಿ, ಚಾಸಿಗಿಂತ ಒಂದಡಿ ಮಾತ್ರ ಹೊರಚಾಚುವ ಪೆಟ್ಟಿಗೆ ಕಟ್ಟಿ, ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದರು. ಹೀಗೆ ಸರ್ಕಾರಿ ಜೀಪು ಪಿಕಪ್ ಆಯಿತು.

ಆ ಗ್ಯಾರೇಜಿನಲ್ಲಿ ಕಂಡ ಒಂದು ಲೆಕ್ಕವನ್ನು ನಾನು ಅನಂತರ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ; ನಿಮಗೆ ನೆನಪಿರಬಹುದು. ಜೀಪಿನ ಹಿಂದಿನ ಆಕ್ಸಲಿನ ಕ್ರೌನ್ ಚಕ್ರದ ಹಲ್ಲುಗಳು ಉದುರಿದ್ದವು. ಗುಜರಿಯಲ್ಲಿ ಯುದ್ಧಕಾಲದ ಜೀಪೊಂದರ ಆಕ್ಸಲು ಅಗ್ಗಕ್ಕೆ ಸಿಕ್ಕಿತು. ಗ್ಯಾರೇಜಿನ ಹುಡುಗನೊಬ್ಬ, ಎಂಟನೆಯ ತರಗತಿಗೆ ಶಾಲೆ ಬಿಟ್ಟವನು, ಅದರ ಮುಚ್ಚಳ ತೆಗೆದು ಹಲ್ಲುಗಳನ್ನು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಎಣಿಸಿದ. ಕ್ರೌನಿನಲ್ಲಿ 39, ಪಿನಿಯನ್ನಿನಲ್ಲಿ 8. ನಮ್ಮ ಜೀಪಿನ ಮುಂದಿನ ಆಕ್ಸಲಿನಲ್ಲಿ 43 ಮತ್ತು 8. “ಇದು ಆಗಲ್ಲ ಸಾಬ್” ಎಂದ. 39ನ್ನು 8ರಿಂದ ಭಾಗಿಸಿದರೆ 4.875; 43ನ್ನು ಭಾಗಿಸಿದರೆ 5.375. ಅಂದರೆ ಪ್ರೊಪೆಲ್ಲರ್ ದಂಡಗಳೆರಡೂ ಒಂದೇ ವೇಗದಲ್ಲಿ ತಿರುಗಿದರೂ ಮುಂದಿನ ಚಕ್ರಗಳು ಒಂದು ವೇಗದಲ್ಲಿ, ಹಿಂದಿನ ಚಕ್ರಗಳು ಇನ್ನೊಂದು ವೇಗದಲ್ಲಿ ಸುತ್ತಲು ಹೊರಡುತ್ತವೆ. ಎರಡು ಚಕ್ರದ ಚಾಲನೆಯಲ್ಲಿ ಏನೂ ತಿಳಿಯುವುದಿಲ್ಲ. ನಾಲ್ಕೂ ಚಕ್ರಗಳ ಚಾಲನೆಗೆ ಲಿವರ್ ಹಾಕಿದ ಕೂಡಲೇ ಒಂದನ್ನೊಂದು ಎಳೆದಾಡಿ ಎಲ್ಲಿಯಾದರೂ ಹಲ್ಲು ಮುರಿಯುತ್ತದೆ. ಆ ಹುಡುಗ ಭಾಗಾಕಾರ ಮಾಡಿರಲಿಲ್ಲ. ಹಲ್ಲು ಎಣಿಸಿ, ಸಮವಿರಬೇಕೆಂಬ ನಿಯಮವನ್ನು ಬಲ್ಲವನಾಗಿದ್ದ. ಅನುಪಾತದ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗಲೆಲ್ಲ ನನಗೆ ಅವನ ಗ್ರೀಸು ಹಿಡಿದ ಬೆರಳುಗಳು ನೆನಪಾಗುತ್ತಿದ್ದವು.

ಮುಂದಿನ ಅಧ್ಯಾಯ ಡೀಸಲಿನದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದಂತೆ ಪೆಟ್ರೋಲ್ ಜೀಪನ್ನು ಸಾಕುವುದು ಕಷ್ಟವಾಯಿತು. ಮಹೀಂದ್ರ ಕಂಪನಿಯವರು 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಎಕ್ಸ್‌ಡಿಪಿ 4.90 ಎಂಬ ಡೀಸಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆದರು. ಈ ಹೆಸರಿನ ಅಂಕಿಗಳಿಗೂ ಅರ್ಥವಿದೆ: ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 90 ಮಿಲಿಮೀಟರ್. ಪಿಸ್ಟನ್ನಿನ ಓಟ 83 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರವನ್ನು ಮರೆಯದವರು ಲೆಕ್ಕ ಹಾಕಿ ನೋಡಿ; 2112 ಘನ ಸೆಂಟಿಮೀಟರ್ ಬರುತ್ತದೆ. ಕಂಪನಿಯು ಇದನ್ನು ಹೊಸ ಜೀಪುಗಳಿಗೆ ಹಾಕಿತು. ನಮ್ಮ ಗ್ಯಾರೇಜಿನವರು ಅದೇ ಎಂಜಿನ್ನನ್ನು, ಅಪಘಾತವಾದ ಗಾಡಿಗಳಿಂದ ತಂದು, ಹಳೆಯ ಪೆಟ್ರೋಲ್ ಜೀಪುಗಳಿಗೆ ಕೂರಿಸಿದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಹೊಂದಿಕೆಯ ತಟ್ಟೆಯನ್ನು ಲೇತಿನಲ್ಲಿ ಮಾಡಿಸಬೇಕು. ಭಾರ ಹೆಚ್ಚಾದುದರಿಂದ ಮುಂದಿನ ಸ್ಪ್ರಿಂಗು ಬಲಪಡಿಸಬೇಕು. ನಡುಕ ಹೆಚ್ಚಾದುದರಿಂದ ಎಂಜಿನ್ನನ್ನು ಹಿಡಿಯುವ ಕಿವಿಗಳನ್ನು ಹೊಸದಾಗಿ ಬೆಸೆಯಬೇಕು. ಬದಲಾದ ಎಂಜಿನ್ ನಂಬರನ್ನು ಸಾರಿಗೆ ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಏರಿಸಬೇಕು. ಭಾವನವರ ಪಿಕಪ್ಪಿಗೆ ಈ ಎಂಜಿನ್ನು 1986ರಲ್ಲಿ ಬಂತು. ಹಾಗಾದರೆ ಆ ಗಾಡಿಯನ್ನು ಮಾಡಿದವರು ಯಾರು? ಮೂಲ ವಿನ್ಯಾಸ ಅಮೆರಿಕದ್ದು, ಚಾಸಿ ಮುಂಬಯಿಯದು, ಎಂಜಿನ್ನಿನ ವಿನ್ಯಾಸ ಫ್ರಾನ್ಸಿನದು, ಪೆಟ್ಟಿಗೆ ನಮ್ಮೂರಿನ ಹಲಸಿನ ಮರದ್ದು. ಇವನ್ನೆಲ್ಲ ಒಂದುಗೂಡಿಸಿದ ಕೈ ಸಾಬರದ್ದು. ಆ ಕೈಯ ಹೆಸರು ಮಾತ್ರ ಯಾವ ದಾಖಲೆಯಲ್ಲಿಯೂ ಇಲ್ಲ.

ಆ ಗಾಡಿ ಹೊತ್ತದ್ದು ಕಾಫಿ ಮೂಟೆಗಳನ್ನು ಮಾತ್ರವಲ್ಲ. ಹೊಳೆ ತುಂಬಿದ ರಾತ್ರಿಗಳಲ್ಲಿ ಬಸುರಿಯರನ್ನು ಪೇಟೆಯ ಆಸ್ಪತ್ರೆಗೆ ಒಯ್ದಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಬೆಳಿಗ್ಗೆ ಬಸ್ಸು ತಪ್ಪಿದ ಮಕ್ಕಳನ್ನು ಹಲಗೆಯ ಮೇಲೆ ಕೂರಿಸಿಕೊಂಡು ಪರೀಕ್ಷಾ ಕೇಂದ್ರಕ್ಕೆ ಮುಟ್ಟಿಸಿದೆ. ಇದನ್ನು ಓದುತ್ತಿರುವ ಇಬ್ಬರು ಮೂವರಾದರೂ ಆ ಮಕ್ಕಳೇ.

ಕಾಲ ಬದಲಾಯಿತು. 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್, 2005ರಲ್ಲಿ ಸಣ್ಣ ರೈತನೂ ಸಾಲ ಮಾಡಿ ಕೊಳ್ಳಬಹುದಾದ ಟಾಟಾ ಏಸ್ ಬಂದವು. ರಸ್ತೆಗಳು ಡಾಂಬರು ಕಂಡವು. ಹಳೆಯ ಜೀಪುಗಳು ಮೂಲೆಗೆ ಸರಿದವು, ಇಲ್ಲವೇ ಬೇರೆ ಕೆಲಸ ಹಿಡಿದವು. ಕೊಡಗಿನ ಮಾಂದಲಪಟ್ಟಿಗೆ, ಕೊಡಚಾದ್ರಿಗೆ ಪ್ರವಾಸಿಗರನ್ನು ಕಲ್ಲುದಾರಿಯಲ್ಲಿ ಹತ್ತಿಸುವ ಬಾಡಿಗೆ ಜೀಪುಗಳು ಈ ವಂಶದ್ದೇ ಕುಡಿಗಳು. ಬೆಟ್ಟದ ಮೇಲಿನ ಮಂಜನ್ನು ಚಿತ್ರ ತೆಗೆಯುವ ಪ್ರವಾಸಿಗರು ತಮ್ಮನ್ನು ಅಲ್ಲಿಗೆ ಹೊತ್ತು ತಂದ ಗಾಡಿಯ ವಂಶಾವಳಿಯನ್ನು ಕೇಳುವುದಿಲ್ಲ.

ಈಗ ಕಾನೂನಿನ ಮಾತು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳ ಗುಜರಿ ನೀತಿಯನ್ನು ಜಾರಿಗೆ ತಂದಿತು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಖಾಸಗಿ ಕಾರು ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇನ್ನೂ ಮುಖ್ಯವಾದುದು 2023ರ ಏಪ್ರಿಲ್ 1ರ ಬದಲಾವಣೆ. ಅಂದಿನಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು; ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸುವ ಕೆಲವು ವಿಶೇಷ ವಾಹನಗಳ ಹೊರತು ಉಳಿದವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂದರೆ ಕಚೇರಿಯ ಹಿತ್ತಲಿನಿಂದ ರೈತನ ಅಂಗಳಕ್ಕೆ ಇದ್ದ ಆ ಹಳೆಯ ದಾರಿ ಅಲ್ಲಿಗೆ ಮುಚ್ಚಿತು.

ಇದನ್ನು ನಾನು ಅನ್ಯಾಯವೆಂದು ದೂರುವುದಿಲ್ಲ. ಹಳೆಯ ಡೀಸಲ್ ಎಂಜಿನ್ನಿನ ಕರಿಹೊಗೆ ನಮ್ಮ ಮೊಮ್ಮಕ್ಕಳ ಶ್ವಾಸಕೋಶ ಸೇರುತ್ತದೆ. ಆ ಜೀಪುಗಳಲ್ಲಿ ಸೀಟುಬೆಲ್ಟು ಇರಲಿಲ್ಲ. ಘಾಟಿಯಲ್ಲಿ ಬ್ರೇಕು ಕೈಕೊಟ್ಟ ಕಥೆಗಳೂ ನಮ್ಮೂರುಗಳಲ್ಲಿ ಬೇಕಾದಷ್ಟಿವೆ. ನನ್ನ ಆಕ್ಷೇಪ ಬೇರೆಯದು. 2021ರ ಜುಲೈನಲ್ಲಿ ಬಂದ ಪುರಾತನ ವಾಹನಗಳ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಶೇಷ ನೋಂದಣಿ ಕೊಟ್ಟು ಕಾಪಾಡಬಹುದು. ಆದರೆ ಅದರ ಚಾಸಿ, ಬಾಡಿ, ಎಂಜಿನ್ನುಗಳು ಮೂಲರೂಪದಲ್ಲಿಯೇ ಇರಬೇಕು. ದೊಡ್ಡ ಮಾರ್ಪಾಟು ಆಗಿರಬಾರದು. ಶ್ರೀಮಂತರ ಮೋಟಾರುಖಾನೆಯಲ್ಲಿ ಬಟ್ಟೆ ಹೊದೆದು ನಿಂತಿದ್ದ ಕಾರಿಗೆ ಈ ಮಾನ ಸುಲಭವಾಗಿ ಸಿಗುತ್ತದೆ. ಐವತ್ತು ವರ್ಷ ದುಡಿದು, ಅಂಗಾಂಗಗಳನ್ನು ಬದಲಿಸಿಕೊಂಡೇ ಉಳಿದ ರೈತನ ಪಿಕಪ್ಪಿಗೆ ಸಿಗುವುದಿಲ್ಲ. ಯಾವುದನ್ನು ನಾನು ಅದರ ಚರಿತ್ರೆ ಎನ್ನುತ್ತೇನೋ ಅದೇ ನಿಯಮದ ದೃಷ್ಟಿಯಲ್ಲಿ ಅದರ ಅನರ್ಹತೆ. ದುಡಿದ ವಸ್ತುವಿಗೆ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಗುವುದು ಎಲ್ಲ ಕಾಲಕ್ಕೂ ಕಷ್ಟವೇ. ರಾಜನ ಖಡ್ಗ ಉಳಿಯುತ್ತದೆ. ಒಕ್ಕಲಿಗನ ನೇಗಿಲು ಒಲೆ ಸೇರುತ್ತದೆ.

ಭಾವನವರು ಕಾಲವಾಗಿ ಆರು ವರ್ಷವಾಯಿತು. ಅವರ ಪಿಕಪ್ಪು ಇನ್ನೂ ಮನೆಯ ಕೊಟ್ಟಿಗೆಯಲ್ಲಿದೆ. ಅದರ ನೋಂದಣಿಯ ಅವಧಿ ಮುಗಿಯುತ್ತ ಬಂದಿದೆ. ಇಟ್ಟುಕೊಳ್ಳುವುದೋ ಗುಜರಿ ಕೇಂದ್ರಕ್ಕೆ ಒಪ್ಪಿಸುವುದೋ ಎಂದು ಅಳಿಯಂದಿರಲ್ಲಿ ಚರ್ಚೆ ನಡೆದಿದೆ. ನನ್ನ ಅಭಿಪ್ರಾಯವನ್ನು ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ತಪಾಸಣೆಗೆ ಒಯ್ಯಿರಿ. ಹೊಗೆ, ಬ್ರೇಕು, ಸ್ಟೇರಿಂಗು ಸರಿಯಿದ್ದು ತೇರ್ಗಡೆಯಾದರೆ ಶುಲ್ಕ ಕಟ್ಟಿ ಇಟ್ಟುಕೊಳ್ಳಿ. ಆಗದಿದ್ದರೆ ಭಾವುಕತೆಗೆ ಕಟ್ಟುಬಿದ್ದು ಬೇರೆಯವರ ಪ್ರಾಣಕ್ಕೆ ಸಂಚಕಾರ ತರಬೇಡಿ, ಬಿಟ್ಟುಕೊಡಿ. ಆದರೆ ಯಾವ ದಾರಿ ಹಿಡಿದರೂ ಮೊದಲು ಒಂದು ಕೆಲಸ ಮಾಡಿ.

ಆ ಕೆಲಸವನ್ನು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ; ನಿವೃತ್ತ ಮೇಷ್ಟರಿಗೆ ಮನೆಪಾಠ ಕೊಡುವ ಚಟ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಜೀಪೋ, ಪಿಕಪ್ಪೋ, ಮೆಟಡಾರೋ ಇದ್ದರೆ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಅದನ್ನು ಯಾರಿಂದ, ಯಾವ ವರ್ಷ ಕೊಂಡದ್ದು. ಚಾಸಿ ನಂಬರು ಏನು. ಯಾವ ವರ್ಷ ಎಂಜಿನ್ನು ಬದಲಾಯಿತು, ಬದಲಿಸಿದವರು ಯಾರು. ಬಾಡಿ ಕಟ್ಟಿದ ಆಚಾರಿ ಯಾರು, ಲೇತಿನ ಕೆಲಸ ಯಾವ ಊರಿನಲ್ಲಿ ಆಯಿತು ಎಂಬುದನ್ನು ಬರೆಯಿರಿ. ಹಳೆಯ ಬಿಲ್ಲುಗಳಿದ್ದರೆ ಎಸೆಯಬೇಡಿ. ಆ ಮೆಕ್ಯಾನಿಕ್ ಬದುಕಿದ್ದರೆ ಅವರ ಬಳಿ ಅರ್ಧ ದಿನ ಕುಳಿತು ಕೇಳಿ, ಅವರ ಪೂರ್ತಿ ಹೆಸರನ್ನು ಬರೆದುಕೊಳ್ಳಿ. ‘ಸಾಬರು’, ‘ಆಚಾರ್ರು’, ‘ಮೇಸ್ತ್ರಿ’ ಎಂದಷ್ಟೇ ಬರೆದು ಬಿಡಬೇಡಿ. ಅವರ ಅಪ್ಪಣೆಯಿದ್ದರೆ ನನಗೂ ಒಂದು ಪ್ರತಿ ಕಳುಹಿಸಿ, ಒಪ್ಪವಾಗಿ ಜೋಡಿಸಿ ಇಡುತ್ತೇನೆ. ಕೈಬರಹ ಅಂದವಾಗಿಲ್ಲವೆಂದು ಸಂಕೋಚಪಡಬೇಡಿ. ಈ ಬಾರಿ ಅದಕ್ಕೆ ಅಂಕ ಕಳೆಯುವುದಿಲ್ಲ.

ಇಂತು ನಿಮ್ಮ ಮೇಷ್ಟ್ರು.